ಖಾಲಿ ಜಾಗ ಬಿಡದವನ ವೆಬ್‌ಸೈಟು

ಖಾಲಿ ಜಾಗ ಕಂಡರೆ ನನಗಾಗದು. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ವೃತ್ತಿಧರ್ಮ ಎನ್ನುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಒಂದೇ ಪ್ರೆಸ್ಸಿನಲ್ಲಿ, ಒಂದೇ ಕುರ್ಚಿಯಲ್ಲಿ ಕೂತು ಆಮಂತ್ರಣ ಪತ್ರ, ಬಿಲ್ ಪುಸ್ತಕ, ಗೋಡೆ ಕ್ಯಾಲೆಂಡರುಗಳ ಪುಟ ಕಟ್ಟುತ್ತ ಬಂದವನು ನಾನು. ಪುಟದ ಮೂಲೆಯಲ್ಲಿ ಅಂಗೈಯಗಲ ಬಿಳಿ ಉಳಿದರೂ ಅಲ್ಲೊಂದು ಹೂಬಳ್ಳಿ ಕೂರಿಸುವ ತನಕ ನನಗೆ ಊಟ ಸೇರದು. ನಮ್ಮ ಬೀದಿಯ ಹಲ್ಲಿನ ಡಾಕ್ಟರ ಕಾರ್ಡಿನಲ್ಲಿ ಎರಡು ಹಂಸಗಳು ಎದುರುಬದುರಾಗಿ ಈಜುತ್ತಿರುವುದು ಈ ಕಾರಣಕ್ಕೇ. ಅವರು ಕೇಳಿರಲಿಲ್ಲ, ನಾನೇ ಪ್ರೀತಿಯಿಂದ ಬಿಟ್ಟೆ.

ಇಂಥ ನಾನು ವೆಬ್‌ಸೈಟಿಗೆ ಕೈ ಹಾಕಿದ್ದು ಹೇಗೆಂದು ಹೇಳುವ ಮೊದಲು ಅತ್ತೆಯ ವಿಷಯ ಹೇಳಿಬಿಡಬೇಕು. ಅತ್ತೆಯ ವಿಷಯ ಮುಗಿಯದೆ ನಮ್ಮ ಮನೆಯಲ್ಲಿ ಬೇರೆ ಯಾವ ವಿಷಯವೂ ಶುರುವಾಗುವುದಿಲ್ಲ.

ನಾವು ಈ ಊರಿಗೆ ಹೊರಗಿನಿಂದ ಬಂದವರು. ಮನೆಯಲ್ಲಿ ಆಡುವುದು ನಮ್ಮ ಭಾಷೆ, ಬೀದಿಗಿಳಿದರೆ ಊರ ಭಾಷೆ. ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು, ನಾನು ಪ್ರೆಸ್ಸಿನವನು. ಇಬ್ಬರಿಗೂ ಊರ ಭಾಷೆ ನೀರು ಕುಡಿದಷ್ಟು ಸಲೀಸು. ಮೂರು ವರ್ಷದ ಹಿಂದೆ ಅತ್ತೆ ನಮ್ಮ ಜೊತೆ ಇರಲು ಬಂದರು. ಅವರಿಗೆ ಊರ ಭಾಷೆಯ ಒಂದಕ್ಷರವೂ ಬಾರದು. ಮೊದಮೊದಲು ಇದು ಕಷ್ಟವೆನಿಸಿತ್ತು. ಆಮೇಲೆ ಇದರ ಅನುಕೂಲ ನನಗೆ ಹೊಳೆಯಿತು. ಅತ್ತೆಯ ಕಿವಿಗೆ ಬೀಳಬಾರದ ಮಾತನ್ನು ಅತ್ತೆಯ ಎದುರಿಗೇ, ಊರ ಭಾಷೆಯಲ್ಲಿ, ಧಾರಾಳವಾಗಿ ಆಡಬಹುದಿತ್ತು.

ಆ ಭಾಷೆಯಲ್ಲಿ ಅವರಿಗೆ ನಾನಿಟ್ಟ ಹೆಸರು "ಹೆಡ್ ಆಫೀಸ್". ಅಲ್ಲಿ ಮಂಜೂರಾಗದೆ ಮನೆಯಲ್ಲಿ ಒಂದು ಚಮಚವೂ ಅತ್ತಿತ್ತ ಹೋಗುತ್ತಿರಲಿಲ್ಲ. "ಹೆಡ್ ಆಫೀಸ್ ಇವತ್ತು ಗರಂ ಇದೆ, ಹುಷಾರು," ಎನ್ನುತ್ತಿದ್ದೆ. "ಹೆಡ್ ಆಫೀಸಿಗೆ ಗಂಟಲು ಕಟ್ಟಿದೆಯಂತೆ, ದೇವರು ದೊಡ್ಡವನು," ಎನ್ನುತ್ತಿದ್ದೆ. ಅತ್ತೆ ಎದುರಿಗೇ ಕೂತು ಬಟಾಣಿ ಸುಲಿಯುತ್ತಿದ್ದರು. ನನ್ನವಳು ಮಾತ್ರ "ಹೂಂ" ಎನ್ನುವುದು ಬಿಟ್ಟರೆ ಒಂದು ಮಾತೂ ಸೇರಿಸುತ್ತಿರಲಿಲ್ಲ. ಅವಳಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂದುಕೊಂಡಿದ್ದೆ.

ವಾರದಲ್ಲಿ ಒಂದೇ ದಿನ, ಶನಿವಾರ, ಅತ್ತೆ ಹೊರಗೆ ಹೋಗುತ್ತಿದ್ದುದು. ಹಳೆಯ ಗ್ರಂಥಾಲಯದ ಮಹಡಿಯ ಮೇಲೆ ಎರಡು ಕೋಣೆಗಳಲ್ಲಿ ನಾನಾ ಭಾಷಾ ನೆರವಿನ ಸಂಘ ಅಂತ ಒಂದಿದೆ. ಹೊರಗಿನಿಂದ ಬಂದವರಿಗೆ ಅರ್ಜಿ ತುಂಬಿಕೊಡುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಊರ ಭಾಷೆ ಕಲಿಸುವುದು ಅದರ ಕೆಲಸ. ಇಪ್ಪತ್ತೆರಡು ಮೆಟ್ಟಿಲು. ನಾನು ಅತ್ತೆಯ ಕೈ ಹಿಡಿದು ಹತ್ತಿಸಿ, ಕೂರಿಸಿ, ಬಂದುಬಿಡುತ್ತಿದ್ದೆ. ಅಲ್ಲಿ ಅವರಿಗೊಬ್ಬ ಗೆಳತಿ ಇದ್ದರು. ಬೇಸಿಗೆಯಲ್ಲೂ ಕುತ್ತಿಗೆಗೆ ಕೆಂಪು ಮಫ್ಲರ್ ಸುತ್ತಿಕೊಳ್ಳುವ ಮುದುಕಿ, ಎಲ್ಲರಿಗೂ ಮಫ್ಲರಜ್ಜಿ. ಆಕೆಯ ಭಾಷೆ ಬೇರೆ, ನಮ್ಮತ್ತೆಯ ಭಾಷೆ ಬೇರೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಕಿಟಕಿಯ ಹತ್ತಿರ ಮೂರು ಗಂಟೆ ಕೂತಿರುತ್ತಾರಲ್ಲ, ಪಾಪ, ಎಂದು ನಾನು ಕಂಡವರಿಗೆಲ್ಲ ಹೇಳುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ ಸಂಘದ ಕಾರ್ಯದರ್ಶಿ ಮೇಡಂ ಎಲ್ಲರನ್ನೂ ನಿಲ್ಲಿಸಿ ನಗರಸಭೆಯ ಪತ್ರ ಓದಿದರು. ಕೋಣೆಗಳು ನಗರಸಭೆಯವು. ಅವರ ಮುರಿದ ಕುರ್ಚಿಗಳನ್ನು ಇಡಲು ಜಾಗ ಸಾಲುತ್ತಿಲ್ಲವಂತೆ. ಈ ತಿಂಗಳ ಕೊನೆಯ ಶನಿವಾರ ಒಬ್ಬ ಅಧಿಕಾರಿ ಬರುತ್ತಾರೆ. ಸಂಘ ಬದುಕಿದೆ ಎನ್ನುವುದಕ್ಕೂ, ಇಲ್ಲಿಯ ತರಗತಿಯಲ್ಲಿ ಯಾರಾದರೂ ಏನಾದರೂ ಕಲಿತಿದ್ದಾರೆ ಎನ್ನುವುದಕ್ಕೂ ಪುರಾವೆ ಕಂಡರೆ ಸರಿ, ಇಲ್ಲದಿದ್ದರೆ ಕೋಣೆಗಳು ಕುರ್ಚಿಗಳಿಗೆ. "ತಮ್ಮ ವೆಬ್‌ಸೈಟನ್ನು ಪರಿಶೀಲಿಸಲಾಗಿ, ಅದರಲ್ಲಿ 'ಶೀಘ್ರದಲ್ಲೇ ಬರಲಿದೆ' ಎಂಬುದು ಆರು ವರ್ಷಗಳಿಂದ ಇರುವುದು ಕಂಡುಬಂದಿದೆ" ಎಂದೂ ಬರೆದಿತ್ತು.

"ವೆಬ್‌ಸೈಟ್ ಹೊಸದಾಗಿ ಮಾಡಿಸ್ಬೇಕು. ಒಂದು ಕಡೆ ಕೇಳಿದೆ, ಮೂರು ತಿಂಗಳು ಬೇಕು ಅಂತಾರೆ," ಎಂದರು ಮೇಡಂ. "ನಮಗಿರೋದು ಮೂರು ವಾರ."

ನಾನು ಅತ್ತೆಯ ಕೋಲು ಹುಡುಕುತ್ತಿದ್ದವನು ತಲೆ ಎತ್ತಿದೆ. ಸುಮ್ಮನಿರಬಹುದಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಆ ಗಾದೆ ಯಾರ ಮೇಲೆ ಕಟ್ಟಿದ್ದೋ ಏನೋ, ನನಗೆ ಅಳತೆ ಮಾಡಿ ಹೊಲಿದಂತಿದೆ.

"ಮೂರು ತಿಂಗಳಾ? ವೆಬ್‌ಸೈಟ್ ಅಂದ್ರೆ ಏನು ಮೇಡಂ, ಗೋಡೆ ಕ್ಯಾಲೆಂಡರೇ. ಮೊಳೆ ಇಲ್ಲ ಅಷ್ಟೆ," ಎಂದೆ.

ಇಡೀ ಕೋಣೆ ತಿರುಗಿ ನೋಡಿತು. ಮೇಡಂ ಕಣ್ಣಲ್ಲಿ ನೀರು ತುಂಬಿಕೊಂಡು, "ನೀವು ಮಾಡ್ತೀರಾ?" ಎಂದರು. ಇಲ್ಲ ಎನ್ನಲು ನಾನೇನು ಕಲ್ಲೇ?

ಮನೆಗೆ ಬಂದು ಹೇಳಿದಾಗ ನನ್ನವಳು ಪಾತ್ರೆ ಒರೆಸುತ್ತಿದ್ದವಳು ನಿಂತಳು. "ರೀ, ನಮ್ಮ ಮನೆ ಟೀವಿ ರಿಮೋಟು ಹಿಡಿಯೋದು ಯಾವ ಕಡೆ ಅಂತ ಹೋದ ವಾರ ಕೇಳಿದ್ರಿ."

"ಅದು ಯಂತ್ರ. ಇದು ಕಲೆ."

"ಇದು ಅಮ್ಮನ ಶನಿವಾರ ಕಣ್ರೀ. ನೆನಪಿರಲಿ."

ನೆನಪಿರದೆ ಏನು? ಕೋಣೆ ಹೋದರೆ ಅತ್ತೆಯ ಶನಿವಾರವೂ ಹೋಗುತ್ತದೆ. ಆಮೇಲೆ ವಾರದ ಏಳೂ ದಿನ ಹೆಡ್ ಆಫೀಸ್ ತೆರೆದಿರುತ್ತದೆ, ರಜೆ ಇಲ್ಲದೆ. ಅದಕ್ಕಿಂತ ಹೆಚ್ಚಾಗಿ, ಅವರು ಶುಕ್ರವಾರ ಮಧ್ಯಾಹ್ನದಿಂದಲೇ ಮರುದಿನದ ಬಟ್ಟೆ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿಡುವುದನ್ನು ನೋಡಿದವನು ನಾನು.

ಕೆಲಸ ಶುರು ಮಾಡಿದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ, ಎಳೆದು ಎಳೆದು ಕೂರಿಸುವ ಬಗೆಯ ಒಂದು ವೆಬ್‌ಸೈಟ್ ಸಾಮಾನು ಸಿಕ್ಕಿತು. ಮೊದಲ ಪುಟಕ್ಕೆ ಸುತ್ತ ಹೂಬಳ್ಳಿ ಬಿಟ್ಟೆ. ಒಳಗೆ ಆರು ಚೌಕ, ಸಂಘದವರು ಆಡುವ ಆರು ಭಾಷೆಗೆ ಒಂದೊಂದು. ಊರ ಭಾಷೆಯದನ್ನು ಮೇಡಂ ಬರೆದರು. ಉಳಿದವಕ್ಕೆ ದರ್ಜಿ, ಬೇಕರಿಯವ, ನಾಲ್ಕನೇ ನಂಬರ್ ಬಸ್ಸಿನ ಡ್ರೈವರು, ಮಫ್ಲರಜ್ಜಿ. ನಮ್ಮ ಭಾಷೆಗೆ ಅತ್ತೆ. ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಬರೆಯಬೇಕಾದದ್ದು ಎರಡು ಸಾಲು: ಸಂಘಕ್ಕೆ ಸ್ವಾಗತ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದಿರುತ್ತದೆ.

ಇಲ್ಲೇ ನನ್ನ ವೃತ್ತಿಧರ್ಮ ಅಡ್ಡ ಬಂತು. ನಾನು ಕಟ್ಟಿದ ಚೌಕದಲ್ಲಿ ಹತ್ತು ಸಾಲು ಹಿಡಿಯುತ್ತಿತ್ತು. ಎರಡು ಸಾಲು ಬರೆದು ಬಿಟ್ಟರೆ ಕೆಳಗೆ ಎಂಟು ಸಾಲಿನ ಬಯಲು! ನೋಡಿದರೆ ಎದೆ ಹಾರುತ್ತಿತ್ತು.

"ಹತ್ತು ಸಾಲು ಬೇಕು," ಎಂದೆ ಎಲ್ಲರಿಗೂ. "ಒಂಬತ್ತಲ್ಲ, ಹನ್ನೊಂದಲ್ಲ."

ಬೇಕರಿಯವ ತಲೆ ಕೆರೆದ. "ಹೇಳೋದು ಎರಡೇ ಸಾಲು ಇದೆಯಲ್ಲ ಅಣ್ಣ? ಮಿಕ್ಕಿದ್ದು?"

"ನಿನಗೆ ತೋಚಿದ್ದು ಬರಿಯಪ್ಪ. ಬಾಕ್ಸ್ ತುಂಬ್ಬೇಕು ಅಷ್ಟೆ."

ಈ ಒಂದು ಮಾತನ್ನು ನಾನು ಐದು ಜನರಿಗೆ, ಐದು ಸಲ, ಸ್ಪಷ್ಟವಾಗಿ ಹೇಳಿದೆ. ಆಮೇಲೆ ಯಾರನ್ನೂ ದೂರುವ ಹಾಗಿರಲಿಲ್ಲ.

ಹಾಳೆಗಳು ಬಂದವು. ಅಚ್ಚುಕಟ್ಟಾಗಿ ಹತ್ತತ್ತು ಸಾಲು. ಒಂದೊಂದನ್ನೂ ಸ್ಕ್ಯಾನ್ ಮಾಡಿ ಅದರದರ ಚೌಕಕ್ಕೆ ಇಳಿಸಿದೆ. ದರ್ಜಿಯ ಭಾಷೆ, ಬೇಕರಿಯವನ ಭಾಷೆ ನನಗೆ ಬಾರವು, ಓದುವ ಪ್ರಶ್ನೆಯೇ ಇಲ್ಲ. ನಮ್ಮ ಭಾಷೆಯದನ್ನಾದರೂ ಓದಬಹುದಿತ್ತು. ಆದರೆ ಇಪ್ಪತ್ತೆಂಟು ವರ್ಷ ಪುಟ ಕಟ್ಟಿದವನು ಅಕ್ಷರ ನೋಡುತ್ತಾನೆಯೇ ಹೊರತು ಓದುವುದಿಲ್ಲ. ಓದುತ್ತ ಕೂತರೆ ಕ್ಯಾಲೆಂಡರು ಮುಗಿಯುವುದು ಮುಂದಿನ ವರ್ಷವೇ.

"ಎಲ್ಲಾ ಸರಿಯಾಗಿ ನೋಡಿದ್ರಾ?" ಎಂದು ಮೇಡಂ ಕೇಳಿದರು.

"ಸ್ಕೇಲ್ ಇಟ್ಟು ನೋಡಿದೀನಿ ಮೇಡಂ. ಆರೂ ಚೌಕ ಸಮಸಮ. ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ." ನಿಜವಾಗಿಯೂ ಉಕ್ಕಿನ ಸ್ಕೇಲನ್ನು ಪರದೆಗೆ ಒತ್ತಿ ಅಳೆದಿದ್ದೆ. ಪರದೆಯ ಮೇಲೆ ಗೀರು ಬಿತ್ತೆಂದು ಪ್ರೆಸ್ಸಿನ ಮಾಲೀಕರು ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಸೋಮವಾರ ವೆಬ್‌ಸೈಟು ಲೋಕಾರ್ಪಣೆಯಾಯಿತು. ಅಧಿಕಾರಿ ಬರಲು ಇನ್ನು ಎರಡು ಶನಿವಾರ ಇತ್ತು. ಮೊದಲ ಶನಿವಾರ ಅತ್ತೆಯನ್ನು ಕರೆದುಕೊಂಡು ಹೋದರೆ ಮೆಟ್ಟಿಲ ಮೇಲೇ ಸಾಲು ನಿಂತಿದೆ! ಆರು ವರ್ಷದಲ್ಲಿ ಹದಿನೈದು ಜನ ದಾಟದ ಸಂಘ. ನಾನು ಅತ್ತೆಯನ್ನೂ ಮರೆತು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ.

"ನೋಡಿ ಮೇಡಂ, ನೋಡಿ! ಹೂಬಳ್ಳಿ ಕೆಲಸ!" ಎಂದೆ.

ಮೇಡಂ ಮುಖದಲ್ಲಿ ಸಂತೋಷಕ್ಕಿಂತ ಗೊಂದಲ ಜಾಸ್ತಿ ಇತ್ತು. "ಬಂದಿದಾರೆ, ಸರಿ. ಆದ್ರೆ ಇವರೆಲ್ಲ ಪ್ಯಾಂಟ್ ಯಾಕೆ ತಂದಿದಾರೆ?"

ಹೌದು, ಸಾಲಿನಲ್ಲಿದ್ದ ಅರ್ಧ ಜನರ ಕಂಕುಳಲ್ಲಿ ಪ್ಯಾಂಟಿನ ಗಂಟಿತ್ತು. ಇನ್ನು ಕೆಲವರು ಕೈಯಲ್ಲಿ ಕೊಡೆ ಹಿಡಿದಿದ್ದರು. ಹೊರಗೆ ಬಿಸಿಲು ಬೆಂಕಿ ಕಾರುತ್ತಿತ್ತು. ಕೊಡೆಯವರು ಒಬ್ಬೊಬ್ಬರಾಗಿ ಬಂದು, ಯಾರ ಮುಖವನ್ನೂ ನೋಡದೆ, ಕೊಡೆಯನ್ನು ಗೋಡೆಗೆ ಒರಗಿಸಿ, ಸರಸರನೆ ಇಳಿದು ಹೋಗುತ್ತಿದ್ದರು. ಒಬ್ಬ ಮಾತ್ರ ನನ್ನ ಕೈ ಹಿಡಿದು, "ತಪ್ಪಾಯ್ತು ಅಂತ ಅಜ್ಜಿಗೆ ಹೇಳಿ," ಎಂದು ಪಿಸುಗುಟ್ಟಿದ. ಮಫ್ಲರಜ್ಜಿ ಎದ್ದು ಬಂದು ಏಳೂ ಕೊಡೆಗಳನ್ನು ಬಿಚ್ಚಿ ನೋಡಿ, ಒಂದೊಂದಕ್ಕೂ ತಲೆ ಅಡ್ಡ ಆಡಿಸಿ, ಮತ್ತೆ ಕಿಟಕಿಯ ಹತ್ತಿರ ಹೋಗಿ ಕೂತರು.

"ಸಂಘದ ಮೇಲೆ ಜನಕ್ಕೆ ಅಭಿಮಾನ ಬಂದಿದೆ ಮೇಡಂ. ದಾನ ಕೊಡ್ತಿದಾರೆ," ಎಂದು ನಾನು ವಿವರಿಸಿದೆ.

ಅಷ್ಟರಲ್ಲಿ ದಪ್ಪ ಚೀಲ ನೇತುಹಾಕಿಕೊಂಡ ಒಬ್ಬ ಹೆಂಗಸು ಬಂದು ಕೋಣೆಯನ್ನೆಲ್ಲ ಕಣ್ಣಲ್ಲೇ ಅಳೆದು, "ಹುಡುಗ ಇಲ್ಲೇ ಇರ್ತಾನಾ?" ಎಂದಳು.

"ಯಾವ ಹುಡುಗ?"

"ಅದೇ, ಬೆಳಿಗ್ಗೆ ನಾಲ್ಕಕ್ಕೆ ಏಳ್ತಾನಂತಲ್ಲ. ಮಾತು ಕಡಿಮೆ ಅಂತಲ್ಲ. ನನ್ನ ಅಣ್ಣನ ಮಗಳಿಗೆ ನೋಡ್ತಿದೀವಿ. ಮುಂದಿನ ಶನಿವಾರ ಎಲ್ಲರೂ ಬರ್ತೀವಿ, ಹನ್ನೊಂದು ಜನ."

ಮೇಡಂ ನನ್ನನ್ನು ನೋಡಿದರು. ನಾನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿದ್ದ ಹೂಬಳ್ಳಿಯನ್ನು ನೋಡಿದೆ. ಬೇಕರಿಯವ ಮೂಲೆಯಲ್ಲಿ ನಿಂತು, ಸೀಮೆಯಲ್ಲೇ ಇಲ್ಲದವನ ಹಾಗೆ ಚಾವಣಿ ನೋಡುತ್ತಿದ್ದ.

ಅವನನ್ನು ಹಿಡಿದು ಕೇಳಿದಾಗ ವಿಷಯ ಹೊರಬಿತ್ತು. "ತೋಚಿದ್ದು ಬರಿ ಅಂದ್ರಲ್ಲ ಅಣ್ಣ! ನನಗೆ ಹಗಲೂ ರಾತ್ರಿ ತೋಚೋದು ನನ್ನ ತಮ್ಮನ ಮದುವೆ ಒಂದೇ." ದರ್ಜಿಯನ್ನು ಕೇಳಿದರೆ, ನಮ್ಮವರು ಯಾರೇ ಬಂದರೂ ಪ್ಯಾಂಟಿನ ಅಂಚು ಇಲ್ಲೇ ಕೂತು ಬಿಟ್ಟಿ ಹೊಲಿದುಕೊಡುತ್ತೇನೆಂದು ಬರೆದಿದ್ದಾನೆ. ಮಫ್ಲರಜ್ಜಿಯ ಎಂಟು ಸಾಲಿನ ಸಾರಾಂಶವನ್ನು ಕೊಡೆ ತಂದವನೊಬ್ಬ ತಿಳಿಸಿದ: ಹೋದ ಚಳಿಗಾಲದಲ್ಲಿ ಇಲ್ಲಿಂದ ನನ್ನ ಹಸಿರು ಕೊಡೆ ಒಯ್ದವರು ಯಾರೆಂದು ನನಗೆ ಗೊತ್ತು, ತಾವಾಗಿ ತಂದಿಟ್ಟರೆ ಹೆಸರು ಹೇಳುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆಕೆಯ ಭಾಷೆಯ ಏಳು ಜನ ಹೆಗಲು ಮುಟ್ಟಿ ನೋಡಿಕೊಂಡಿದ್ದರು, ಆದರೆ ಹಸಿರು ಕೊಡೆ ಯಾರ ಹತ್ತಿರವೂ ಇರಲಿಲ್ಲ.

"ಈಗಲೇ ತೆಗೀರಿ ಅದನ್ನೆಲ್ಲ!" ಎಂದರು ಮೇಡಂ.

ತೆಗೆಯುವುದು ನನಗೆ ಗೊತ್ತಿರಲಿಲ್ಲ. ಕೂರಿಸುವುದು ಮಾತ್ರ ಕಲಿತಿದ್ದೆ. ಪ್ರೆಸ್ಸಿನಲ್ಲಿ ಅಚ್ಚಾದ ಮೇಲೆ ಅಚ್ಚಾಯಿತು, ತೆಗೆಯುವ ಪದ್ಧತಿ ಇಲ್ಲ. ಐದು ದಿನ ಒದ್ದಾಡಿದೆ. ಆರನೆಯ ದಿನ ಹೂಬಳ್ಳಿ ಎರಡು ಸುತ್ತಾಯಿತೇ ಹೊರತು ಒಂದು ಸಾಲೂ ಅಳಿಯಲಿಲ್ಲ.

ಕೊನೆಯ ಶನಿವಾರ ಬಂತು. ಎರಡು ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಹೆಣ್ಣಿನ ಕಡೆಯ ಹನ್ನೊಂದು ಜನ ಮುಂದಿನ ಎರಡು ಬೆಂಚು ಹಿಡಿದಿದ್ದರು. ಬೇಕರಿಯವನ ತಮ್ಮ ಕಿವಿಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಬೀರುವಿನ ಪಕ್ಕ ನಿಂತು ಬೆವರುತ್ತಿದ್ದ. ದರ್ಜಿಯ ಹೊಲಿಗೆ ಯಂತ್ರ ಟಕಟಕ ಓಡುತ್ತಿತ್ತು. ಕೊಡೆಗಳು ಹದಿಮೂರಾಗಿದ್ದವು. ನನ್ನವಳೂ ಅರ್ಧ ದಿನ ರಜೆ ಹಾಕಿ ಬಂದು ಅತ್ತೆಯ ಪಕ್ಕ ಕೂತಿದ್ದಳು.

ಅಧಿಕಾರಿ ಫೈಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಕನ್ನಡಕದ ಮೇಲಿಂದ ಜನರನ್ನು ನೋಡಿದರು. ಅವರ ಮೊದಲ ಪ್ರಶ್ನೆಯೇ, "ಈ ಕಟ್ಟಡದ ಮುಂದೆ ಬಸ್ ಸ್ಟಾಪ್ ಯಾವಾಗ ಆಯ್ತು? ನಮ್ಮ ನಕ್ಷೇಲಿ ಇಲ್ಲ. ನಾನು ಈಗ ಅಲ್ಲೇ ಇಳಿದೆ."

ನಾಲ್ಕನೇ ನಂಬರ್ ಬಸ್ಸಿನ ಡ್ರೈವರು, ಅದೇ ಬಸ್ಸನ್ನು ಮುಂದಿನ ಪಾಳಿಯವನಿಗೆ ಒಪ್ಪಿಸಿ ಇಳಿದು ಬಂದವನು, ಟೋಪಿ ತೆಗೆದು ಜೇಬಿಗೆ ತುರುಕಿಕೊಂಡ.

ಮೇಡಂ ಗೋಡೆಯ ಮೇಲೆ ವೆಬ್‌ಸೈಟು ಬಿಟ್ಟರು. ಎರಡು ಸುತ್ತು ಹೂಬಳ್ಳಿ, ಆರು ಚೌಕ, ಸಮಸಮ. ಅಂಥ ಸಂಕಟದಲ್ಲೂ ನನಗೆ ಎದೆಯುಬ್ಬಿ ಬಂತು.

"ಅಂದ ಚಂದ ಇರಲಿ. ಇದರಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಎಂದರು ಅಧಿಕಾರಿ. "ಬರೆದವರೇ ಒಬ್ಬೊಬ್ಬರಾಗಿ ಊರ ಭಾಷೇಲಿ ಓದಿ ಹೇಳಿ."

ದರ್ಜಿ ಸುಳ್ಳಾಡಿದರೆ ಬೆರಳಿಗೆ ಸೂಜಿ ಚುಚ್ಚುತ್ತದೆಂದು ನಂಬಿದವನು. ಅಂಚಿನ ವಿಷಯ ಇದ್ದಂತೆ ಹೇಳಿದ. ಅಧಿಕಾರಿ ಬರೆದುಕೊಂಡರು, ಮತ್ತೆ ಮೇಜಿನ ಕೆಳಗೆ ತಮ್ಮ ಪ್ಯಾಂಟಿನ ಬಲಗಾಲಿನ ಅಂಚನ್ನು ಒಮ್ಮೆ ಬಗ್ಗಿ ನೋಡಿಕೊಂಡರು. ಬೇಕರಿಯವ ತಮ್ಮನ ಗುಣಗಾನ ಓದಿದ; ಹೆಣ್ಣಿನ ಕಡೆಯವರು "ಎತ್ತರ ಎಷ್ಟಂತೆ, ಇನ್ನೊಂದ್ಸಲ ಓದಿ" ಎಂದರು. ಡ್ರೈವರು ನೆಲ ನೋಡುತ್ತ, "ಸಂಘದ ಮುಂದೆ ಸ್ಟಾಪ್ ಇಲ್ಲ, ಆದ್ರೆ ಕೈ ತೋರಿಸಿದ್ರೆ ನಾನು ನಿಲ್ಲಿಸ್ತೀನಿ ಅಂತ ಬರ್ದಿದೀನಿ ಸಾರ್. ನೀವೂ ಇಳಿಯೋಕೆ ಕೈ ತೋರಿಸಿದ್ರಿ, ನಿಲ್ಲಿಸ್ದೆ," ಎಂದ. ಮಫ್ಲರಜ್ಜಿಯ ಸರದಿ ಬಂದಾಗ ಆಕೆ ಬಾಯಿ ಬಿಡಲಿಲ್ಲ. ಎದ್ದು ನಿಂತು, ಗೋಡೆಯ ಮೇಲಿನ ತಮ್ಮ ಚೌಕ ತೋರಿಸಿ, ಕೊಡೆಗಳ ರಾಶಿ ತೋರಿಸಿ, ಎರಡೂ ಕೈ ಬಿಚ್ಚಿ ಕೂತರು.

ಅಧಿಕಾರಿ ಫೈಲು ಮುಚ್ಚಿದರು. "ಇದೇನ್ರಿ, ಸಂಘವೋ ಸಂತೆಯೋ? ಆಯ್ತು, ಜನ ಇದಾರೆ, ಒಪ್ಪಿದೆ. ಆದ್ರೆ ಪತ್ರದಲ್ಲಿ ಎರಡನೇದು ಕೇಳಿದ್ವಲ್ಲ? ಈಗ ಮಾತಾಡಿದವರೆಲ್ಲ ಕೆಲಸ ಮಾಡ್ತಾ ಮಾಡ್ತಾ ಬೀದೀಲಿ ಭಾಷೆ ಕಲಿತವರು. ಇಲ್ಲಿಯ ತರಗತೀಲಿ ಕಲಿತವರು ಯಾರು? ಒಬ್ಬರನ್ನ ತೋರಿಸಿ ಸಾಕು."

"ಕಲಿತವರು ಕೆಲಸ ಸಿಕ್ಕಿ ಹೋಗ್ಬಿಡ್ತಾರೆ ಸಾರ್," ಎಂದರು ಮೇಡಂ. "ಶನಿವಾರ ಅವರಿಗೆ ರಜಾ ಇರಲ್ಲ."

"ಇಲ್ಲದವರನ್ನ ನಾನು ಹೇಗೆ ಬರ್ಕೊಳ್ಳಲಿ? ಇರೋರು ಯಾರು?"

ಇದ್ದವರು ಇಬ್ಬರೇ, ಎರಡು ವರ್ಷದಿಂದ ಒಂದು ಶನಿವಾರವೂ ತಪ್ಪಿಸದವರು: ಮಫ್ಲರಜ್ಜಿ ಮತ್ತು ನಮ್ಮತ್ತೆ. ಮೇಡಂ ಆ ಕಡೆ ನೋಡಿದರು. ನಾನು ಬೇಡ ಎಂದು ಕಣ್ಣು ಸನ್ನೆ ಮಾಡಿದೆ. ಅತ್ತೆಯನ್ನು ನಿಲ್ಲಿಸಿ ಮಾನ ಕಳೆಯುವುದು ಬೇಡವೆನಿಸಿತು. ಮಾತು ತಪ್ಪಿಸಲು, "ಸಾರ್, ನಮ್ಮ ಭಾಷೇದು ಒಂದು ಚೌಕ ಉಳಿದಿದೆ," ಎಂದು ನಾನೇ ಮುಂದೆ ಹೋದೆ. "ಬರೆದಿದ್ದು ನಮ್ಮತ್ತೆ. ಅವರಿಗೆ ಊರ ಭಾಷೆ ಬರಲ್ಲ, ನಾನೇ ಓದಿ ಹೇಳ್ತೀನಿ."

ಗೋಡೆಯ ಹತ್ತಿರ ನಿಂತು, ಜೀವಮಾನದಲ್ಲಿ ಮೊದಲ ಸಲ ನಾನು ಕಟ್ಟಿದ ಪುಟವನ್ನು ಓದತೊಡಗಿದೆ.

"ಸಂಘಕ್ಕೆ ಸ್ವಾಗತ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದಿರುತ್ತದೆ." ಇಲ್ಲಿಯವರೆಗೆ ಸರಾಗವಾಗಿತ್ತು. ಮೂರನೆಯ ಸಾಲು ಕಣ್ಣಿಗೆ ಬಿತ್ತು. ಅದನ್ನು ನುಂಗಿ, "ಮಗಳು, ಅಳಿಯ ಇಬ್ಬರೂ ನನ್ನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾರೆ," ಎಂದು ಊರ ಭಾಷೆಯಲ್ಲಿ ಹೇಳಿದೆ.

"ಅದಲ್ಲ ನಾನು ಬರ್ದಿದ್ದು."

ಹಿಂದಿನಿಂದ ಬಂತು ಮಾತು. ಊರ ಭಾಷೆಯಲ್ಲಿ ಬಂತು. ಯಾರು ಎಂದು ತಿರುಗಿ ನೋಡಿದೆ. ಅತ್ತೆ ಕೋಲೂರಿ ಎದ್ದು ನಿಂತಿದ್ದರು.

ಹೊಲಿಗೆ ಯಂತ್ರ ನಿಂತಿತು.

"ಸಾರ್, ಇವನು ಓದೋದು ಸರಿ ಇಲ್ಲ," ಎಂದರು ಅತ್ತೆ, ಒಂದೊಂದು ಪದವನ್ನೂ ಬಿಡಿಸಿಟ್ಟು, ತರಗತಿಯಲ್ಲಿ ಕಲಿಸುವ ಹಾಗೆಯೇ. "ನಾನು ಹೇಳ್ತೀನಿ. ಮೂರನೇ ಸಾಲು: ಹನ್ನೊಂದು ತಿಂಗಳು ನಾನು ಮನೆಯ ಕಿಟಕಿಯ ಹತ್ತಿರ ಕೂತಿದ್ದೆ. ನಾಲ್ಕನೇ ಸಾಲು: ಮಗಳು ಕೆಲಸಕ್ಕೆ ಹೋಗುತ್ತಾಳೆ. ಐದನೇ ಸಾಲು: ಅಳಿಯ ಮನೆಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಹೆಣ್ಣಿನ ಕಡೆಯ ಹನ್ನೊಂದು ಜನರೂ ನನ್ನ ಕಡೆ ತಿರುಗಿದರು. ನಾನು ಗೋಡೆಗೆ ಇನ್ನಷ್ಟು ಒರಗಿದೆ.

"ಆರನೇ ಸಾಲು: ಇಲ್ಲಿ ನನಗೆ ಒಬ್ಬಳು ಗೆಳತಿ ಸಿಕ್ಕಳು. ಏಳನೇ ಸಾಲು: ಅವಳ ಜೊತೆ ಜಗಳ ಆಡಲು ನಾನು ಈ ಊರಿನ ಭಾಷೆ ಕಲಿತೆ."

"ನಾನೂ!" ಎಂದು ಮಫ್ಲರಜ್ಜಿ ಎದ್ದು ನಿಂತು, ಅದೇ ಊರ ಭಾಷೆಯಲ್ಲಿ ಅಧಿಕಾರಿಯನ್ನು ಕೇಳಿದರು: "ನನ್ನ ಹಸಿರು ಕೊಡೆ ಎಲ್ಲಿ?"

"ಇರಮ್ಮ, ಇನ್ನೂ ನಂದು ಮುಗಿದಿಲ್ಲ," ಎಂದರು ಅತ್ತೆ. ಇಬ್ಬರೂ ಸ್ವಲ್ಪ ಹೊತ್ತು ಜಗಳವಾಡಿದರು. ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಫೈಲು ಮತ್ತೆ ಬಿಚ್ಚಿದರು.

ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಕಲಿತಿದ್ದಾರೆ. ಯಾವಾಗ ಕಲಿತರು? ಗಂಟಲು ಕಟ್ಟಿದ್ದಕ್ಕೆ ನಾನು ದೇವರಿಗೆ ಕೈ ಮುಗಿದದ್ದು ಯಾವ ತಿಂಗಳು? ನನ್ನವಳ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು, ಭುಜ ಕುಲುಕುತ್ತಿತ್ತು. "ನಿಂಗೆ ಗೊತ್ತಿತ್ತಾ?" ಎಂದು ಬಾಯಿ ಮಾತ್ರ ಅಲ್ಲಾಡಿಸಿ ಕೇಳಿದೆ.

"ಹೂಂ," ಎಂದಳು.

"ಎಂಟನೇ ಸಾಲು," ಅತ್ತೆ ಮುಂದುವರಿಸಿದರು, ಈಗ ದನಿ ಸ್ವಲ್ಪ ಇಳಿದಿತ್ತು. "ಅಳಿಯ ಬುದ್ಧಿವಂತ ಅಲ್ಲ. ಆದರೆ ಮಳೆ ಬರಲಿ, ಚಳಿ ಬರಲಿ, ಪ್ರತಿ ಶನಿವಾರ ಇಪ್ಪತ್ತೆರಡು ಮೆಟ್ಟಿಲು ನನ್ನ ಕೈ ಹಿಡಿದು ಹತ್ತಿಸುತ್ತಾನೆ. ಒಂಬತ್ತನೇ ಸಾಲು: ಅದಕ್ಕೆ ಅವನ ಬಗ್ಗೆ ಇನ್ನು ಹೆಚ್ಚು ಬರೆಯುವುದಿಲ್ಲ."

ನಾನು ಗೋಡೆಯ ಕಡೆ ತಿರುಗಿ ನಿಂತೆ. ಹೂಬಳ್ಳಿ ಮಂಜುಮಂಜಾಗಿ ಕಾಣುತ್ತಿತ್ತು.

"ಹತ್ತನೇ ಸಾಲು ಅವನೇ ಓದಲಿ," ಎಂದರು ಅತ್ತೆ. "ಓದಪ್ಪ. ಅದು ಸರಿಯಾಗಿ ಓದ್ತೀಯ."

ಓದಿದೆ. ಓದದೆ ಬೇರೆ ದಾರಿ ಇರಲಿಲ್ಲ.

"ಇಂತಿ, ಹೆಡ್ ಆಫೀಸ್."

ಅಧಿಕಾರಿಯ ಪೆನ್ನು ನಿಂತಿತು. "ಹೆಡ್ ಆಫೀಸ್? ಈ ಸಂಘಕ್ಕೆ ಬೇರೆ ಹೆಡ್ ಆಫೀಸ್ ಇದ್ಯಾ? ನಮ್ಮ ದಾಖಲೇಲಿ ಇಲ್ವಲ್ಲ! ಎಲ್ಲಿದೆ?"

"ನಮ್ಮ ಮನೇಲಿ ಸಾರ್," ಎಂದೆ. "ಮೂರು ವರ್ಷ ಆಯ್ತು. ಚೆನ್ನಾಗಿ ನಡೀತಿದೆ."

ಅವರು ಅದನ್ನೂ ಬರೆದುಕೊಂಡರು. ಕಲಿತವರು: ಇಬ್ಬರು. ಕೇಂದ್ರ ಕಚೇರಿ: ಇದೆ. ಕ್ರಿಯಾಶೀಲ. ಕೆಳಗೆ ರುಜು ಹಾಕಿ, ಕೋಣೆಗಳನ್ನು ಇನ್ನೈದು ವರ್ಷ ಸಂಘಕ್ಕೇ ಬಿಟ್ಟು, ಇಳಿಯುವ ಮುಂಚೆ ದರ್ಜಿಯ ಹತ್ತಿರ ಐದು ನಿಮಿಷ ನಿಂತು ಬಲಗಾಲಿನ ಅಂಚು ಹೊಲಿಸಿಕೊಂಡರು. ಕೆಳಗೆ ಹೋಗಿ ಬಸ್ಸಿಗೆ ಕೈ ತೋರಿಸಿದರೆಂದು ಡ್ರೈವರು ಆಣೆ ಮಾಡಿ ಹೇಳುತ್ತಾನೆ. ಹೆಣ್ಣಿನ ಕಡೆಯವರಿಗೂ ಹುಡುಗ ಒಪ್ಪಿಗೆಯಾದ. ಮಾತು ಕಡಿಮೆ ಎಂದು ಬರೆದಿದ್ದು ನಿಜ, ಅವನು ಆ ದಿನ ಒಂದು ಪದವನ್ನೂ ಆಡಿರಲಿಲ್ಲ.

ಮೆಟ್ಟಿಲು ಇಳಿಯುವಾಗ ಅತ್ತೆಯ ಕೈ ಹಿಡಿದಿದ್ದೆ. ಹನ್ನೆರಡನೆಯ ಮೆಟ್ಟಿಲಿನಲ್ಲಿ ನಿಂತು ನಮ್ಮ ಭಾಷೆಯಲ್ಲಿ ಕೇಳಿದೆ: "ಅತ್ತೆ, ಎಲ್ಲಾ ಕೇಳಿಸ್ಕೊಂಡಿದೀರಾ? ಮೊದಲಿನಿಂದ?"

"ಮೊದಲಿನಿಂದ ಇಲ್ಲ. ಮೊದಲ ವರ್ಷ ಅರ್ಧಂಬರ್ಧ ತಿಳೀತಿತ್ತು," ಎಂದರು ಅತ್ತೆ. "ಬಾಕಿದು ತಿಳ್ಕೊಳ್ಳೋಣ ಅಂತಾನೇ ತಪ್ಪದೆ ಕ್ಲಾಸಿಗೆ ಬಂದೆ."

ಈಗ ವೆಬ್‌ಸೈಟಿನ ಐದು ಚೌಕಗಳಲ್ಲಿ ಎರಡೆರಡೇ ಸಾಲಿದೆ, ಕೆಳಗೆ ಬಿಳಿ ಬಯಲು. ನನ್ನವಳೇ ಕೂತು ಅರ್ಧ ಗಂಟೆಯಲ್ಲಿ ತೆಗೆದಳು. ನಮ್ಮ ಭಾಷೆಯ ಚೌಕವೊಂದನ್ನು ಹಾಗೆಯೇ ಬಿಡು ಎಂದು ನಾನು ಕೇಳಿಕೊಂಡೆ. ಕೊಡೆ ಇನ್ನೂ ಸಿಕ್ಕಿಲ್ಲ.

ಮನೆಯಲ್ಲಿ ಮಾತ್ರ ದೊಡ್ಡ ತೊಂದರೆಯಾಯಿತು. ನನಗೂ ನನ್ನವಳಿಗೂ ಗುಟ್ಟಿನ ಭಾಷೆ ಎಂಬುದು ಇಲ್ಲವಾಯಿತು. ಒಂದು ತಿಂಗಳು ಸಹಿಸಿದೆ. ಆಮೇಲೆ ಸಂಘದಲ್ಲಿ ಶನಿವಾರ ಮಫ್ಲರಜ್ಜಿ ತಮ್ಮ ಭಾಷೆ ಕಲಿಸುತ್ತಾರೆಂದು ತಿಳಿದು, ಹೆಂಡತಿಯ ಹೆಸರನ್ನೂ ನನ್ನ ಹೆಸರನ್ನೂ ಗುಟ್ಟಾಗಿ ಬರೆಸಿ ಬಂದೆ. ಅತ್ತೆಗೆ ಸುಳಿವು ಕೊಡದೆ, ಅವರನ್ನು ಮೊದಲೇ ಮೇಲೆ ಬಿಟ್ಟುಬಂದು, ನಾವಿಬ್ಬರೂ ಹತ್ತು ನಿಮಿಷ ತಡವಾಗಿ ಹೊಸ ಪುಸ್ತಕ, ಹೊಸ ಪೆನ್ಸಿಲು ಹಿಡಿದು ಪಕ್ಕದ ಕೋಣೆಯ ತರಗತಿಗೆ ಹೋದೆವು.

ಕರಿಹಲಗೆಯ ಮುಂದೆ ಮಫ್ಲರಜ್ಜಿ ಇರಲಿಲ್ಲ. ಅವರಿಗೆ ನೆಗಡಿಯಂತೆ. ಅವರ ಬದಲಿಗೆ ಸೀಮೆಸುಣ್ಣ ಹಿಡಿದು ಆ ಭಾಷೆಯ ಮೊದಲ ಅಕ್ಷರ ಬರೆಯುತ್ತಿದ್ದದ್ದು ಹೆಡ್ ಆಫೀಸ್.